ಕಿವಿಗೆ ನಾಲ್ಕು ಸಾವಿರ

ಮತ್ತಿಕೆರೆಯ ಒಂದು ಅಡ್ಡರಸ್ತೆಯ ಮೊದಲನೇ ಮಹಡಿಯಲ್ಲಿ ಬಾಡಿಗೆಗಿದ್ದ ವಿರೂಪಾಕ್ಷನ ಮನೆಯ ಮಿಕ್ಸಿ ಕೆಟ್ಟಿದ್ದೇ ಇಷ್ಟಕ್ಕೆಲ್ಲ ಮೂಲ. ಕೆಟ್ಟಿತ್ತೆಂದರೆ ಪೂರ್ತಿ ಕೆಟ್ಟಿರಲಿಲ್ಲ, ಮುಚ್ಚಳ ಸೀಳಿತ್ತು. ಹೆಂಡತಿ ದಾಕ್ಷಾಯಣಿ ಜಾರಿನ ಮೇಲೆ ತಟ್ಟೆ ಕವುಚಿ, ಅದರ ಮೇಲೆ ಕೈ ಒತ್ತಿ, ಮುಖ ಆ ಕಡೆ ತಿರುಗಿಸಿಕೊಂಡು ಚಟ್ನಿ ರುಬ್ಬುತ್ತಿದ್ದಳು. ಹೊಸ ಮಿಕ್ಸಿಗೆಂದು ಮೂರು ತಿಂಗಳಿಂದ ಕೂಡಿಟ್ಟ ನಾಲ್ಕು ಸಾವಿರ ರೂಪಾಯಿ ಸಕ್ಕರೆ ಡಬ್ಬಿಯ ಹಿಂದೆ ಇತ್ತು. ಆ ದುಡ್ಡು ಅಲ್ಲಿ ಇಲ್ಲದಿದ್ದರೆ ವಿರೂಪಾಕ್ಷನಿಗೆ ಹೆಡ್‌ಫೋನಿನ ಯೋಚನೆ ಬರುತ್ತಲೇ ಇರಲಿಲ್ಲ.

ಹೆಡ್‌ಫೋನು ಅವನಿಗಲ್ಲ, ಅಪ್ಪನಿಗೆ. ಅಪ್ಪ ಗುರುಪಾದಪ್ಪನವರು ರೋಣದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದು ನಿವೃತ್ತರಾದವರು. ಕಿವಿ ತೋರಿಸಿಕೊಳ್ಳಲು ಬೆಂಗಳೂರಿಗೆ ಬಂದು ಹದಿನೈದು ದಿನವಾಗಿತ್ತು. ಡಾಕ್ಟರು ಕಿವಿಯೊಳಗೆ ಲೈಟು ಬಿಟ್ಟು ನೋಡಿ, ವಿರೂಪಾಕ್ಷನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ವರ್ಷದಲ್ಲಿ ಮಾತು ಕೇಳೋಕೂ ಮಷೀನ್ ಬೇಕಾಗುತ್ತೆ. ಸಂಗೀತಗಿಂಗೀತ ಕೇಳೋ ಆಸೆ ಇದ್ರೆ ಈಗ್ಲೇ ಕೇಳಿಸ್ಬಿಡಿ" ಎಂದಿದ್ದರು. ಸೋಮವಾರ ಬೆಳಿಗ್ಗೆ ಅಪ್ಪನಿಗೆ ಯಶವಂತಪುರದಿಂದ ರೈಲು. ಅಂದರೆ ಉಳಿದದ್ದು ಒಂದೇ ಒಂದು ಭಾನುವಾರ.

ಕೇಳಿಸಬೇಕಾದ ಸಂಗೀತ ಯಾವುದೆಂದು ಆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ನಲವತ್ತು ವರ್ಷದ ಹಿಂದೆ ರೋಣದ ಮಠದಲ್ಲಿ ಜಮಖಂಡಿ ಕಡೆಯ ದೊಡ್ಡ ಗವಾಯಿಯೊಬ್ಬರ ಗಾಯನ. ಅವರ ಕಾಯಂ ಹಾರ್ಮೋನಿಯಂ ವಾದಕ ಬಸ್ಸು ತಪ್ಪಿಸಿಕೊಂಡ. ಭಜನೆಯಲ್ಲಿ ಪೇಟಿ ಬಾರಿಸುತ್ತಿದ್ದ ಗುರುಪಾದಪ್ಪನವರನ್ನು ಊರವರು ಎಳೆದೊಯ್ದು ವೇದಿಕೆಯ ಮೇಲೆ ಕೂರಿಸಿದರು. ಎರಡು ತಾಸು ಗವಾಯಿಗಳ ಜೊತೆ ಸರಿಸಮ ಬಾರಿಸಿ ಕೆಳಗಿಳಿದ ಕತೆಯನ್ನು ಅಪ್ಪ ಬಂದ ಹದಿನೈದು ದಿನದಲ್ಲಿ ಕೆಳಗಿನ ಮನೆಯ ಮಾಲೀಕರಿಗೆ ಮೂರು ಸಲ, ಹಾಲಿನವನಿಗೆ ಒಂದು ಸಲ, ಗ್ಯಾಸಿನವನಿಗೆ ಅರ್ಧ ಹೇಳಿದ್ದರು. ಆ ಗಾಯನದ ಕ್ಯಾಸೆಟ್ಟೂ ಇತ್ತು. ಆದರೆ ಅದರಲ್ಲಿ ಹಾಡು ಕೇಳುತ್ತಿತ್ತು, ತಬಲಾ ಕೇಳುತ್ತಿತ್ತು, ಪೇಟಿ ಮಾತ್ರ ಕೇಳುತ್ತಿರಲಿಲ್ಲ. "ನಿಮ್ಮ ಮಷಿನ್ ಸುಮಾರ ಅದಾವ" ಎಂದು ಅಪ್ಪ ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದರು.

ವಿರೂಪಾಕ್ಷ ಈ ಕತೆ ಕೇಳುತ್ತಲೇ ದೊಡ್ಡವನಾದವನು. ಅಪ್ಪನಿಗೆ ಕಿವಿ ಪೂರ್ತಿ ಹೋಗುವ ಮುಂಚೆ ಒಂದೇ ಒಂದು ಸಲ ಅವರ ಪೇಟಿ ಅವರಿಗೆ ಕೇಳಬೇಕು. ಅಷ್ಟಾಗದಿದ್ದರೆ ಮಗನಾಗಿ ಹುಟ್ಟಿ ಏನು ಮಾಡಿದ ಹಾಗಾಯಿತು ಎಂದು ಅವನಿಗೆ ನಿಜಕ್ಕೂ ಸಂಕಟವಾಗುತ್ತಿತ್ತು.

"ಮಾವಾರ ಸಲುವಾಗಿ ಅಂದ್ರ ಒಯ್ಯರಿ" ಎಂದು ದಾಕ್ಷಾಯಣಿ ಸಕ್ಕರೆ ಡಬ್ಬಿ ಸರಿಸಿದಳು. "ನಾಕು ಸಾವಿರದ ಮ್ಯಾಲ ಒಂದು ರೂಪಾಯಿ ಆತಂದ್ರ ಚಟ್ನಿ ನೀವ ರುಬ್ಬರಿ."

ಅಪ್ಪ ದಿವಾನದ ಮೇಲಿನಿಂದಲೇ, "ಯಾಕ ತ್ರಾಸ ಮಾಡ್ಕೋತಿ ವಿರೂಪಾಕ್ಷಿ, ಬಿಡು" ಎಂದರು. ಎಷ್ಟು ಸಂಕೋಚದ ಮನುಷ್ಯ ನೋಡು ಎಂದುಕೊಂಡು ವಿರೂಪಾಕ್ಷ ದುಡ್ಡು ಜೇಬಿಗಿಟ್ಟ.

ವಿರೂಪಾಕ್ಷ ಹತ್ತಿರದ ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಅದೇ ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನ ವಿಜಯ್ ಕುಮಾರ್ ಅವನ ಸ್ನೇಹಿತ. ಹೆಡ್‌ಫೋನಿನ ವಿಚಾರದಲ್ಲಿ ವಿಜಯ್ ಕುಮಾರನನ್ನು ಏನೂ ಕೇಳಬಾರದು, ಕೇಳಿದರೆ ಅವನು ನಿಲ್ಲಿಸುವುದಿಲ್ಲ ಎಂದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು. ವಿರೂಪಾಕ್ಷ ಕೇಳಿದ್ದ.

"ಗುರು, ಈ ಫೋನ್ ಜೊತೆ ಬರೋ ಇಯರ್‌ಫೋನಲ್ಲಿ ಪಕ್ಕದಲ್ಲಿ ಆನೆ ಕೂಗಿದ್ರೂ ಕೇಳಲ್ಲ. ಓಪನ್ ಬ್ಯಾಕ್ ಬೇಕು, ಹಿಂದೆ ಜಾಲರಿ ಇರೋ ದೊಡ್ಡದು. ಹೊಸದು ನಿನ್ ಕೈಲಾಗಲ್ಲ. ಆರ್.ಟಿ. ನಗರದಲ್ಲಿ ದಸ್ತಗೀರ್ ಅಂತ ಇದಾನೆ, ಸೆಕೆಂಡ್ ಹ್ಯಾಂಡ್ ಇಟ್ಟಿರ್ತಾನೆ. ನಡಿ, ನಾನೂ ಬರ್ತೀನಿ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ವಿಜಯ್ ಕುಮಾರನ ಸ್ಕೂಟರಿನಲ್ಲಿ ಹೊರಟು, ಮೇಖ್ರಿ ಸರ್ಕಲ್ಲಿನಲ್ಲಿ ನಿಂತು ನಿಂತು, ಹನ್ನೊಂದಕ್ಕೆ ದಸ್ತಗೀರನ ಅಂಗಡಿ ಮುಟ್ಟಿದರು. ಸಣ್ಣ ಅಂಗಡಿ. ಗೋಡೆ ತುಂಬ ಹೆಡ್‌ಫೋನುಗಳು. ದಸ್ತಗೀರ್ ಒಂದನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿಸಿದ.

"ಸ್ಟುಡಿಯೋ ಮಾಲು ಸಾರ್. ಹಾಡೋರು ಹಾಕ್ಕೊಂಡಿದ್ದು. ಹೊಸದಕ್ಕೆ ಹೋದ್ರೆ ನಿಮ್ ಎರಡು ತಿಂಗಳ ಬಾಡಿಗೆ ಹೋಗುತ್ತೆ."

"ಈ ಕರೀದು ಉದುರ್ತಾ ಇದೆಯಲ್ಲ?"

"ಅದು ಕುಶನ್ ಸಾರ್. ಕುಶನ್ ಉದುರಿದ್ರೆ ಸೌಂಡ್ ಉದುರಲ್ಲ. ಹಾಕಿ ನೋಡಿ."

ವಿರೂಪಾಕ್ಷ ಹಾಕಿಕೊಂಡ. ಅಂಗಡಿಯ ಪ್ಲೇಯರಿನಲ್ಲಿ ಯಾರೋ ತಬಲಾ ಬಾರಿಸುತ್ತಿದ್ದರು. ಬಾರಿಸುವವನ ಬೆರಳಿನ ಉಂಗುರ ತಬಲಾದ ಅಂಚಿಗೆ ತಾಗಿದ ಸದ್ದು ಕೂಡ ಕೇಳಿತು. ವಿರೂಪಾಕ್ಷ ಬೆಚ್ಚಿ ಹಿಂತಿರುಗಿ ನೋಡಿದ, ಯಾರೂ ಇರಲಿಲ್ಲ. ಇದರಲ್ಲಿ ಅಪ್ಪನ ಪೇಟಿ ಕೇಳದೆ ಇರಲು ಸಾಧ್ಯವೇ ಇಲ್ಲ ಎನಿಸಿ ಅವನು ಎರಡು ಸಾವಿರದ ಆರುನೂರಕ್ಕೆ ಚೌಕಾಸಿ ಮುಗಿಸಿದ. ಅಂಗಡಿಯಿಂದ ಹೊರಬರುವಾಗ ಅವನ ಎರಡೂ ಕಿವಿಯ ಸುತ್ತ ಕರೀ ಚೂರುಗಳು ಅಂಟಿಕೊಂಡಿದ್ದವು.

ಮನೆಗೆ ಬಂದು ಫೋನಿಗೆ ಸಿಕ್ಕಿಸಲು ಹೋದರೆ ಫೋನಿಗೆ ತೂತೇ ಇಲ್ಲ.

"ಈಗಿನ ಫೋನಿಗೆ ಎಲ್ಲಿರುತ್ತೆ ಗುರು?" ಎಂದ ವಿಜಯ್ ಕುಮಾರ್. ಇದು ಮೊದಲೇ ಗೊತ್ತಿದ್ದವನ ಧ್ವನಿ. "ಡ್ಯಾಕ್ ಬೇಕು. ಫೋನಿಗೂ ಹೆಡ್‌ಫೋನಿಗೂ ನಡುವೆ ಒಂದು ಡಬ್ಬಿ. ಅದಿಲ್ದೆ ಇಂಥ ಹೆಡ್‌ಫೋನ್‌ಗೆ ಜೀವ ಬರಲ್ಲ. ನಂದು ಹಳೇದೊಂದಿದೆ, ಸ್ನೇಹಕ್ಕೆ ಒಂಬೈನೂರು ಕೊಡು."

ಸ್ನೇಹಕ್ಕೆ ಬೆಲೆ ಕಟ್ಟಬಾರದು ಎಂದು ವಿರೂಪಾಕ್ಷ ಒಂಬೈನೂರು ಕೊಟ್ಟ. ವಿಜಯ್ ಕುಮಾರನ ಜೇಬಿನಿಂದಲೇ ಬೆಂಕಿಪೊಟ್ಟಣದಷ್ಟು ಡಬ್ಬಿ ಬಂತು. ಡಬ್ಬಿ ಫೋನಿಗೆ ಸರಿಯಾಗಿ ಕೂತಿತು. ಹೆಡ್‌ಫೋನಿನ ಪಿನ್ನು ಡಬ್ಬಿಗೆ ಹೋಗಲಿಲ್ಲ. ಡಬ್ಬಿಯ ತೂತು ಸಣ್ಣದು, ಸ್ಟುಡಿಯೋ ಮಾಲಿನ ಪಿನ್ನು ಕಿರುಬೆರಳಿನಷ್ಟು ದಪ್ಪ.

"ಅಡಾಪ್ಟರ್" ಎಂದ ವಿಜಯ್ ಕುಮಾರ್.

ಈ ಸಲ ವಿರೂಪಾಕ್ಷ ಒಬ್ಬನೇ ಬಸ್ಸು ಹತ್ತಿ ಆರ್.ಟಿ. ನಗರಕ್ಕೆ ಹೋದ. ಯಾರೋ ದೊಡ್ಡವರು ಏರ್‌ಪೋರ್ಟಿಗೆ ಹೋಗುತ್ತಿದ್ದರೆಂದು ಮೇಖ್ರಿ ಸರ್ಕಲ್ಲಿನಲ್ಲಿ ಬಸ್ಸು ಅರ್ಧ ಗಂಟೆ ಅಲ್ಲಾಡಲಿಲ್ಲ. ದಸ್ತಗೀರ್ ಅವನನ್ನು ಕಂಡ ಕೂಡಲೇ ಡ್ರಾಯರಿನಿಂದ ಅಡಾಪ್ಟರು ತೆಗೆದು ಮೇಜಿನ ಮೇಲಿಟ್ಟ. ಬೆಳಿಗ್ಗೆಯಿಂದ ಅದಕ್ಕೇ ಕಾದು ಕೂತವನ ಹಾಗಿದ್ದ.

"ಬೆಳಿಗ್ಗೇನೇ ಹೇಳ್ಬಾರ್ದಾ?"

"ನೀವ್ ಕೇಳ್ಲಿಲ್ವಲ್ಲ ಸಾರ್. ಇನ್ನೂರು."

ಮೂರು ಗಂಟೆಗೆ ಊಟವಿಲ್ಲದೆ ಮನೆ ಸೇರಿದ ವಿರೂಪಾಕ್ಷ ಎಲ್ಲವನ್ನೂ ಒಂದಕ್ಕೊಂದು ಸಿಕ್ಕಿಸಿದ. ಫೋನು, ಡಬ್ಬಿ, ಅಡಾಪ್ಟರು, ಹೆಡ್‌ಫೋನು. ಅಣ್ಣನ ಮಗ ಹಿಂದೊಮ್ಮೆ ಕ್ಯಾಸೆಟ್ಟಿನಿಂದ ಫೋನಿಗೆ ಇಳಿಸಿ ಕಳಿಸಿದ್ದ ಹಾಡು ಹಾಕಿ, ಮೊದಲು ತಾನೇ ಕಿವಿಗಿಟ್ಟುಕೊಂಡ. ಹಾಡು ಎಲ್ಲೋ ಗೋಡೆಯಾಚೆ ಇದ್ದ ಹಾಗೆ ಮಸುಕಾಗಿ ಕೇಳುತ್ತಿತ್ತು. ಎಂಟನೇ ನಿಮಿಷದಲ್ಲಿ ತಲೆಯ ನಟ್ಟನಡುವೆ ಕುಕ್ಕರು ಕೂಗಿತು. ಅದರ ಹಿಂದೆಯೇ ಅವನ ಅತ್ತಿಗೆ ಬೇಳೆ ಹೊತ್ತಿತೆಂದು ಯಾರಿಗೋ ಬೈದಳು, ಒಂದೊಂದು ಅಕ್ಷರವೂ ಸ್ಪಷ್ಟ. ಹುಡುಗ ಅಡುಗೆಮನೆಯಲ್ಲಿ ಟೇಪ್‌ರೆಕಾರ್ಡರಿನ ಮುಂದೆ ಫೋನು ಹಿಡಿದು ಇಳಿಸಿದ್ದ. ಮೂರು ಸಾವಿರದ ಏಳುನೂರು ರೂಪಾಯಿಗೆ ವಿರೂಪಾಕ್ಷನಿಗೆ ದಕ್ಕಿದ್ದು ಅಣ್ಣನ ಮನೆಯ ಕುಕ್ಕರು.

"ಸೋರ್ಸ್ ಸರಿಯಿಲ್ಲ ಗುರು. ಮೂಲ ಕ್ಯಾಸೆಟ್ಟೇ ಬೇಕು" ಎಂದು ವಿಜಯ್ ಕುಮಾರ್ ದಾಕ್ಷಾಯಣಿ ಕೊಟ್ಟ ಅವಲಕ್ಕಿ ತಿನ್ನುತ್ತ ಹೇಳಿದ.

"ಕ್ಯಾಸೆಟ್ ಮಾವಾರ ಚೀಲದಾಗ ಐತ್ರಿ. ಎಲ್ಲಿ ಹೋದ್ರೂ ಒಯ್ತಾರ" ಎಂದಳು ದಾಕ್ಷಾಯಣಿ.

ಗುರುಪಾದಪ್ಪನವರು ಚೀಲವನ್ನು ಸ್ವಲ್ಪ ತಮ್ಮ ಕಡೆ ಎಳೆದುಕೊಂಡರು. "ಬ್ಯಾಡ ಬಿಡೋ. ಹಳೇ ಟೇಪು. ಮಷಿನ್ ನುಂಗಿಬಿಡ್ತದ."

"ಏನೂ ಆಗಂಗಿಲ್ಲ ಅಪ್ಪಾ. ಇವತ್ತ ನಿಮ್ಮ ಪೇಟಿ ನಿಮಗ ಕೇಳಸ್ಲೇಬೇಕು" ಎಂದ ವಿರೂಪಾಕ್ಷ. ಬೆಳಗಿನಿಂದ ಬಿಸಿಲು ತಿಂದವನ ಹಟವಿತ್ತು ಆ ಮಾತಿನಲ್ಲಿ. ಅಪ್ಪ ಕ್ಯಾಸೆಟ್ಟು ತೆಗೆದುಕೊಟ್ಟರು.

ಕ್ಯಾಸೆಟ್ಟು ಹಾಕುವ ಯಂತ್ರ ಆ ಕಟ್ಟಡದಲ್ಲಿ ಇದ್ದದ್ದು ಒಬ್ಬರ ಮನೆಯಲ್ಲಿ, ಕೆಳಗೆ, ಮಾಲೀಕ ಲಕ್ಕಣ್ಣನವರ ಹಾಲಿನಲ್ಲಿ. ಹುಣಸಮಾರನಹಳ್ಳಿಯಲ್ಲಿ ಮೊದಲ ಸೈಟು ಮಾರಿದ ವರ್ಷ ತಂದ ದೊಡ್ಡ ಡೆಕ್ಕು. ಅವರ ಹೆಂಡತಿ ಕೃಷ್ಣಮ್ಮ ಅದಕ್ಕೆ ಕ್ರೋಶಾ ಹೊದಿಕೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹೂದಾನಿ ಇಟ್ಟಿದ್ದರು. ಹದಿನೈದು ವರ್ಷದಿಂದ ಅದು ಹೂದಾನಿಯ ಪೀಠವಾಗಿಯೇ ಇತ್ತು.

"ಮೇಷ್ಟ್ರ ಆರ್ಮೋನಿಯಂ ಕೇಳಕ್ಕಾ? ಅಯ್ಯೋ, ಅದ್ಕೇನಂತೆ" ಎಂದರು ಲಕ್ಕಣ್ಣ. "ಆದ್ರೆ ನಾನೇ ಒತ್ಕೊಂಡ್ ಬತ್ತೀನಿ. ಇದ್ನ ಬೇರೆಯೋರ್ ಕೈಗ್ ಕೊಡಾಕಿಲ್ಲ. ಕೃಷ್ಣಿ, ಊದಾನಿ ತೆಗಿ."

ಲಕ್ಕಣ್ಣ ಡೆಕ್ಕು ಹೊತ್ತು ಮೆಟ್ಟಿಲು ಹತ್ತಿದರು. ಹಿಂದೆ ವೈರು ಹಿಡಿದುಕೊಂಡು ಕೃಷ್ಣಮ್ಮ. ಡೆಕ್ಕು ಕೊಟ್ಟ ಮೇಲೆ ಕೇಳದೆ ಹೋಗುವುದುಂಟೇ ಎಂದು ಇಬ್ಬರೂ ಸೋಫಾದಲ್ಲಿ ಕೂತರು. ವಿಜಯ್ ಕುಮಾರ್ ಡೆಕ್ಕಿನ ಮುಂಭಾಗ ಬಗ್ಗಿ ನೋಡಿ ಹಿಂದೆ ಸರಿದ. ಹೆಡ್‌ಫೋನಿಗೆಂದೇ ಅಲ್ಲಿ ಒಂದು ತೂತಿತ್ತು, ದಪ್ಪ ತೂತು. ಸ್ಟುಡಿಯೋ ಮಾಲಿನ ದಪ್ಪ ಪಿನ್ನು ಟಕ್ಕನೆ ಅದರಲ್ಲಿ ಕೂತಿತು. ಅಡಾಪ್ಟರೂ ಬೇಡ, ಡಬ್ಬಿಯೂ ಬೇಡ.

"ಆ ಒಂಬೈನೂರು..." ಎಂದ ವಿರೂಪಾಕ್ಷ.

"ಮುಂದಕ್ಕೆ ಉಪಯೋಗಕ್ಕೆ ಬರುತ್ತೆ ಗುರು" ಎಂದು ವಿಜಯ್ ಕುಮಾರ್ ಫ್ಯಾನಿನ ಕಡೆ ನೋಡಿದ.

ಲೆವೆಲ್ಲು ಸರಿ ಮಾಡಿ ಅಪ್ಪನಿಗೆ ಕೊಡುತ್ತೇನೆಂದು ವಿರೂಪಾಕ್ಷ ಮೊದಲು ತಾನು ಹಾಕಿಕೊಂಡ. ಐದು ಜನ ಅವನ ಮುಖವನ್ನೇ ನೋಡುತ್ತ ಕೂತರು. ಕ್ಯಾಸೆಟ್ಟು ಒಂದೆರಡು ಸುತ್ತು ಕಿರುಗುಟ್ಟಿ ಓಡಲು ಶುರುವಾಯಿತು. ತಂಬೂರಿ ಕೇಳಿತು. ಯಾರೋ ನಶ್ಯ ಏರಿಸಿ ಸೀನಿದ್ದು ಕೇಳಿತು. ಗವಾಯಿಗಳು ದನಿ ತೆಗೆದರು. ಅದರ ಬೆನ್ನಿಗೇ, ಬಹಳ ಹತ್ತಿರದಲ್ಲಿ, ಪೇಟಿ. ಕೇಳಿಬಿಟ್ಟಿತು. ವಿರೂಪಾಕ್ಷನ ಕಣ್ಣು ತುಂಬಿ ಬಂತು. ಅವನು ಅಪ್ಪನ ಕಡೆ ನೋಡಿ ತಲೆಯಾಡಿಸಿದ.

ಪೇಟಿ ಎರಡು ಸ್ವರ ತಪ್ಪಿತು. ಮತ್ತೊಂದು ತಪ್ಪಿತು. ಹಾಡು ಒಂದು ಕಡೆ, ಪೇಟಿ ಒಂದು ಕಡೆ ಹೊರಟಿತು. ಆಗ ಗವಾಯಿಗಳು ಆಲಾಪದ ನಡುವೆ ಉಸಿರು ತೆಗೆದುಕೊಳ್ಳುವ ನೆಪದಲ್ಲಿ ಪೇಟಿಯ ಕಡೆ ಬಾಗಿ ಮೆಲ್ಲಗೆ ಆಡಿದ ಮಾತು, ಕಿವಿಯಲ್ಲೇ ಹೇಳಿದ ಹಾಗೆ ಕೇಳಿತು.

"ಮಾಸ್ತರ, ಸಾಕ್ರಿ. ಕೈ ಆಡಸ್ಕೋಂತ ಕುಂದರ್ರಿ, ಗಾಳಿ ಹಾಕಬ್ಯಾಡ್ರಿ. ಮಂದಿಗೆ ಗೊತ್ತಾಗೂದು ಬ್ಯಾಡ."

ತಿದಿ ಒತ್ತಿ ಗಾಳಿ ಹಾಕದ ಪೇಟಿ ನುಡಿಯುವುದಿಲ್ಲ. ಅಲ್ಲಿಂದ ಮುಂದೆ ಅದರ ಸದ್ದಿಲ್ಲ. ಹಾಡಿತ್ತು, ತಬಲಾ ಇತ್ತು, ತಂಬೂರಿ ಇತ್ತು. ಎರಡು ತಾಸು ಅಪ್ಪ ಊರ ಜನರೆದುರು ಬರೀ ಬೆರಳಾಡಿಸುತ್ತ ಕೂತಿದ್ದರು. ಊರಿನ ಮನೆಯಲ್ಲಿ ಈ ಕ್ಯಾಸೆಟ್ಟು ಹಾಕಿದಾಗಲೆಲ್ಲ ಅಪ್ಪ ಶುರುವಿನಲ್ಲೇ ಜೋರಾಗಿ ಅವ್ವನನ್ನು ಚಹಾಕ್ಕೆ ಕೂಗುತ್ತಿದ್ದದ್ದು, ಇಲ್ಲವೇ ಗವಾಯಿಗಳ ಊರು ಮನೆತನ ವಿವರಿಸುತ್ತಿದ್ದದ್ದು ಯಾಕೆಂದು ವಿರೂಪಾಕ್ಷನಿಗೆ ಈಗ ಹೊಳೆಯಿತು.

ಅಪ್ಪ ದಿವಾನದ ತುದಿಯಲ್ಲಿ ಮೊಣಕಾಲು ಸವರಿಕೊಳ್ಳುತ್ತ ಅವನನ್ನೇ ನೋಡುತ್ತಿದ್ದರು. ಆ ಮುಖ ನೋಡಿ ವಿರೂಪಾಕ್ಷನಿಗೆ ಸಿಟ್ಟು ಬರಲಿಲ್ಲ, ನಗುವೂ ಬರಲಿಲ್ಲ. ಪಾಪ ಅನ್ನಿಸಿತು. ಇಷ್ಟು ವರ್ಷ ಒಬ್ಬರೇ ಹೊತ್ತುಕೊಂಡು ತಿರುಗಿದ್ದಾರೆ. ಇದನ್ನು ಇಷ್ಟು ಜನರ ಮುಂದೆ ಬಯಲು ಮಾಡಲು ನಾನು ಹೆಂಡತಿಯ ಮಿಕ್ಸಿಯ ದುಡ್ಡು ಸುರಿದೆನೇ ಎಂದು ತನ್ನ ಮೇಲೆಯೇ ಬೇಜಾರಾಯಿತು. ಅವನು ಗುಂಡಿ ಒತ್ತಿ ಟೇಪನ್ನು ತುಂಬ ಮುಂದೆ ಓಡಿಸಿ, ಅಲ್ಲಿಂದ ಹಾಡಲು ಬಿಟ್ಟು, ಹೆಡ್‌ಫೋನು ತೆಗೆದ.

"ಅಪ್ಪಾ, ಏನ್ ಬಾರಸೀರಿ. ಒಂದೊಂದು ಸ್ವರನೂ ಮುತ್ತು ಇದ್ದಂಗ ಕೇಳಸ್ತು."

"ಕೊಡಿ ಇಲ್ಲಿ" ಎಂದು ಲಕ್ಕಣ್ಣ ಹೆಡ್‌ಫೋನು ಕಸಿದುಕೊಂಡರು. ಅವರಿಗೆ ಹಾರ್ಮೋನಿಯಮ್ಮಿನ ಸದ್ದು ಹೇಗಿರುತ್ತದೆಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬಾಡಿಗೆದಾರರ ಎದುರು ಹೇಳುವುದು ಅವರ ಜಾಯಮಾನವಲ್ಲ. ಅರ್ಧ ನಿಮಿಷ ಕಣ್ಣು ಮುಚ್ಚಿ ಕೇಳಿ, "ಅಬ್ಬಬ್ಬ, ಏನ್ ಕೈ ಮೇಷ್ಟ್ರೇ ನಿಮ್ದು. ಆಡ್ನೋರ್ಗಿಂತ ನಿಮ್ದೇ ಜಾಸ್ತಿ ಕೇಳ್ತೈತೆ" ಎಂದರು.

ಯಜಮಾನರಿಗೆ ಕೇಳಿದ್ದು ತಮಗೆ ಕೇಳದಿದ್ದರೆ ಹೇಗೆಂದು ಕೃಷ್ಣಮ್ಮ ಅವರಿಗಿಂತ ಬೇಗ ಕೇಳಿಸಿಕೊಂಡರು. "ಊಂ ಕಣ್ರೀ, ಬಲೇ ಚೆಂದಾಗೈತೆ. ನಂಗೆ ಮೈ ಜುಂ ಅಂತು."

ವಿಜಯ್ ಕುಮಾರನ ಗತಿ ಇನ್ನೂ ಕಷ್ಟದ್ದು. ಅವನು ನಿಜವಾಗಿ ಹುಡುಕಿದ. ಹೆಡ್‌ಫೋನನ್ನು ಒತ್ತಿ, ಸಡಿಲಿಸಿ, ಎಡಬಲ ಬದಲಿಸಿ ಕೇಳಿದ. ಮಾಲೀಕರ ಹೆಂಡತಿಗೆ ಕೇಳಿದ್ದು ತನಗೆ ಕೇಳಲಿಲ್ಲ ಎಂದರೆ ಇಷ್ಟು ವರ್ಷದ ಮರ್ಯಾದೆ ಹೋಯಿತು. "ಮಿಡ್ಸ್‌ನಲ್ಲಿ ಎದ್ದು ನಿಂತಿದೆ ಗುರು" ಎಂದ ಗಂಭೀರವಾಗಿ. "ಡ್ಯಾಕ್ ಇದ್ದಿದ್ರೆ ಇನ್ನೂ ಎದ್ದಿರೋದು."

ದಾಕ್ಷಾಯಣಿ ಕೊನೆಗೆ ಕೇಳಿದಳು. ಒಂದು ಸಲ ಗಂಡನನ್ನು ನೋಡಿದಳು, ಒಂದು ಸಲ ಮಾವನನ್ನು ನೋಡಿದಳು. "ಚಲೋ ಐತ್ರಿ ಮಾವಾರ" ಎಂದು ಚಹಾ ಇಡಲು ಎದ್ದು ಹೋದಳು. ಅಷ್ಟು ಹೊತ್ತಿಗೆ ಮನೆಯಲ್ಲಿದ್ದ ಎಲ್ಲರ ಕಿವಿಯ ಸುತ್ತಲೂ ಕರೀ ಚೂರುಗಳು ಅಂಟಿದ್ದವು, ಗುರುಪಾದಪ್ಪನವರ ಕಿವಿಯೊಂದನ್ನು ಬಿಟ್ಟು.

"ಈಗ ನೀವು" ಎಂದು ವಿರೂಪಾಕ್ಷ ಅಪ್ಪನ ತಲೆಗೆ ಹೆಡ್‌ಫೋನು ಹಾಕಿದ. ಟೇಪು ಸಾಕಷ್ಟು ಮುಂದಿದೆ, ಹೆದರಿಕೆಯಿಲ್ಲ ಎಂದುಕೊಂಡಿದ್ದ. ಆದರೆ ಅಪ್ಪ ಮುಂದೆ ಬಾಗಿ, ಯಾರನ್ನೂ ಕೇಳದೆ, ತಾವೇ ಗುಂಡಿ ಒತ್ತಿ ಟೇಪನ್ನು ಹಿಂದಕ್ಕೆ ಓಡಿಸಿದರು. ಓಡಿಸಿ ನಿಲ್ಲಿಸಿದ ಜಾಗ ಸರಿಯಾಗಿ ಶುರುವಿನದು. ಅಪ್ಪ ಕಣ್ಣು ಮುಚ್ಚಿದರು. ವಿರೂಪಾಕ್ಷ ಅವರ ಮುಖ ನೋಡುತ್ತ ನಿಂತ. ಸ್ವಲ್ಪ ಹೊತ್ತಿಗೆ ಅಪ್ಪನ ಕಿವಿಯ ತುದಿ ಕೆಂಪಾಯಿತು. ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಆಡಿ, ನಿಂತುಬಿಟ್ಟವು.

ಹೆಡ್‌ಫೋನು ತೆಗೆದು ಅವರು ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಮಗನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ಕೇಳುಸ್ತಾ ಮೇಷ್ಟ್ರೇ?" ಎಂದರು ಲಕ್ಕಣ್ಣ.

"ಭಾಳ ಸ್ವಚ್ಛ ಕೇಳಸ್ತ್ರಿ. ಅವತ್ತ ಕೇಳಿದಷ್ಟ ಸ್ವಚ್ಛ."

"ಅಂಗಾದ್ರೆ ಒಂದ್ ಮಾತು" ಎಂದು ಲಕ್ಕಣ್ಣ ಎದ್ದು ನಿಂತರು. ಅವರು ಆ ಬೀದಿಯ ಕನ್ನಡ ಸಂಘದ ಅಧ್ಯಕ್ಷರೂ ಹೌದು. "ನವಂಬರ್ ಒಂದ್ಕೆ ಸ್ಟೇಜ್ ಆಕ್ತಾ ಇದೀವಿ. ನಮ್ ಎಣ್ಮಕ್ಳು ನಾಡಗೀತೆ ಏಳ್ತಾರೆ. ಆರ್ಮೋನಿಯಂಗೆ ಆಳೇ ಸಿಕ್ಕಿರ್ಲಿಲ್ಲ. ಇಂಥ ಕೈ ನಮ್ ಬಿಲ್ಡಿಂಗಲ್ಲೇ ಇಟ್ಕೊಂಡು ಊರೆಲ್ಲ ಉಡುಕ್ತಿದ್ದೆ ನೋಡಿ. ನೀವೇ ನುಡುಸ್ಬೇಕು. ಇಲ್ಲ ಅನ್ಬಾರ್ದು."

ವಿರೂಪಾಕ್ಷ ಥಟ್ಟನೆ ಅಪ್ಪನ ಕಡೆ ತಿರುಗಿದ. ಅಪ್ಪ ಈ ವಯಸ್ಸಿನಲ್ಲಿ ಮತ್ತೆ ಜನರ ಮುಂದೆ ಕೂತು, ಈ ಸಲ ನಿಜವಾಗಿ ಸಿಕ್ಕಿಹಾಕಿಕೊಂಡರೆ? ಅವನು ಏನಾದರೂ ಹೇಳುವ ಮೊದಲೇ ಅಪ್ಪ ಕೈಯೆತ್ತಿದರು.

"ನಾ ನಾಳೆ ಊರಿಗೆ ಹೊಂಟೇನ್ರಿ. ಬೆರಳೂ ಸಂದು ಹಿಡದಾವ. ಆದ್ರ ಚಿಂತಿ ಮಾಡಬ್ಯಾಡ್ರಿ, ನನ್ನ ಮಗ ಅದಾನ. ನನ್ನಷ್ಟ ಬಾರಸ್ತಾನ."

"ನಮ್ ವಿರೂಪಾಕ್ಷಪ್ಪನಾ?" ಲಕ್ಕಣ್ಣನವರ ಬಾಯಿ ತೆರೆದೇ ಉಳಿಯಿತು. "ಐದ್ ವರ್ಸದಿಂದ ಬಾಡ್ಗೆ ಇದೀರಿ, ಒಂದ್ ಮಾತು ಏಳಿಲ್ವಲ್ಲಪ್ಪ."

"ಅವನೂ ಭಾಳ ಸಂಕೋಚದಾಂವ್ರಿ" ಎಂದರು ಗುರುಪಾದಪ್ಪನವರು.

ವಿಜಯ್ ಕುಮಾರ್ ಬೆನ್ನು ತಟ್ಟಿದ. ಕಾಲೇಜಿನವರನ್ನೆಲ್ಲ ಕರೆದುಕೊಂಡು ಬರುವುದಾಗಿ ಮಾತು ಕೊಟ್ಟ. ಕೃಷ್ಣಮ್ಮ ಹೆಣ್ಣುಮಕ್ಕಳಿಗೆ ಹೇಳಿ ಬರುತ್ತೇನೆಂದು ಚಹಾ ಕುಡಿಯದೆ ಹೊರಟರು. ಲಕ್ಕಣ್ಣ ಡೆಕ್ಕು ಹೊತ್ತು ಇಳಿಯುವಾಗಲೇ ಭುಜ ಕಿವಿಗಳ ನಡುವೆ ಫೋನು ಒತ್ತಿ ಹಿಡಿದು ಫ್ಲೆಕ್ಸಿನವನೊಡನೆ ಮಾತಾಡುತ್ತಿದ್ದರು. ಆರು ಅಡಿ ಅಗಲ, ಎಂಟು ಅಡಿ ಉದ್ದ, ವಿರೂಪಾಕ್ಷಪ್ಪ ಮತ್ತು ಅವರ ತಂದೆಯವರ ಫೋಟೋ, ಕೆಳಗೆ ತಮ್ಮ ಫೋಟೋ ಸ್ವಲ್ಪ ದೊಡ್ಡದಾಗಿ.

ಎಲ್ಲರೂ ಹೋದ ಮೇಲೆ ವಿರೂಪಾಕ್ಷ ಬಾಗಿಲು ಹಾಕಿ ಬಂದು ಅಪ್ಪನ ಎದುರು ನೆಲದ ಮೇಲೆ ಕೂತ. ಅಪ್ಪ ಕ್ಯಾಸೆಟ್ಟನ್ನು ಒರೆಸಿ ಚೀಲಕ್ಕೆ ಹಾಕುತ್ತಿದ್ದರು.

"ಅಪ್ಪಾ, ಏನ್ ಮಾಡಿದ್ರಿ ಇದು? ನಂಗ ಪೇಟಿ ಮುಟ್ಟಿ ಗೊತ್ತಿಲ್ಲ. ಸಾ ಎಲ್ಲೈತಿ, ಪಾ ಎಲ್ಲೈತಿ ಗೊತ್ತಿಲ್ಲ. ಅಷ್ಟು ಮಂದಿ ಮುಂದ ನಾ ಹೆಂಗ ಬಾರಸ್ಲಿ?"

ಗುರುಪಾದಪ್ಪನವರು ಬಾಗಿ ಮಗನ ಕಿವಿಗೆ ಅಂಟಿದ್ದ ಕರೀ ಚೂರುಗಳನ್ನು ಒಂದೊಂದಾಗಿ ಬಿಡಿಸಿದರು.

"ನನ್ನಷ್ಟ ಬಾರಸ್ತಾನ ಅಂತ ಹೇಳೀನಿ. ಅಷ್ಟ ಬಾರಸು, ಸಾಕು" ಎಂದರು ಮೆಲ್ಲಗೆ. "ಕೈ ಆಡಸು. ಗಾಳಿ ಹಾಕಬ್ಯಾಡ."